ಕೈ ತೋರಿಸಿದಳು

ವಿದ್ಯಾನಗರದ ಕೋರ್ಟಿನಲ್ಲಿ ಮೂವತ್ತೊಂದು ವರ್ಷ
ಸಾಕ್ಷಿಗಳ ಬಾಯಿಂದ ಬಿದ್ದದ್ದನ್ನು ಹೆಕ್ಕಿ
ಇಂಗ್ಲಿಷಿನ ಡಬ್ಬಿಗೆ ತುಂಬಿದವನು ನಾನು.
ತುಳು, ಮಲಯಾಳ, ಬ್ಯಾರಿ, ಮರಾಟಿ, ನಮ್ಮ ಕನ್ನಡ:
ಒಂದೇ ಅಪಘಾತಕ್ಕೆ ಐದು ಭಾಷೆಯ ಅಳು.

ಪಿಂಚಣಿಯ ಮೂರನೇ ವರ್ಷ
ವಿಶ್ವವಿದ್ಯಾಲಯದವರು ಕರೆದರು.
ಚಾಲಕನಿಲ್ಲದ ಕಾರಂತೆ,
ಅದಕ್ಕೆ ನಮ್ಮೂರ ಜನ ಅರ್ಥವಾಗಬೇಕಂತೆ.
ಯಂತ್ರದ ಕಡೆಯಿಂದ ಸುಧೀಶ,
ಮನಸ್ಸಿನ ಕಡೆಯಿಂದ ಬೇಳದ ಡೆಲ್ಫಿನ್ ಕ್ರಾಸ್ತಾ,
ಕಾನೂನಿಗೆ ಮೊಗ್ರಾಲಿನ ಮಿಸ್ರಿಯಾ.
ಕೋಣೆಗೊಂದು ಏಸಿ ಉಂಟು, ಅದು ಕಂಪ್ಯೂಟರಿಗೆ.

ಕುಂಬಳೆ ಪೇಟೆಯ ಕಂಬಕ್ಕೆ ಕಟ್ಟಿದ ಕ್ಯಾಮರಾದಿಂದ
ದಿನಕ್ಕೆ ಇನ್ನೂರು ತುಣುಕು, ಒಂದೊಂದೂ ಎಂಟು ಸೆಕೆಂಡು.
ನೋಡಬೇಕು, ಗುರುತು ಹಾಕಬೇಕು:
ದಾಟುತ್ತಾರೆ. ದಾಟುವುದಿಲ್ಲ. ಅಸ್ಪಷ್ಟ.

ಮೀನಿನ ಬುಟ್ಟಿಯ ಹೆಂಗಸು ಗಾಡಿಯನ್ನು ನೋಡುವುದಿಲ್ಲ,
ಗಾಡಿಯೇ ಅವಳನ್ನು ನೋಡಿಕೊಳ್ಳಬೇಕು.
ಮದ್ರಸದ ಹುಡುಗರಲ್ಲಿ ಒಬ್ಬ ಕಾಲಿಟ್ಟರೆ
ಉಳಿದ ಐವರಿಗೆ ಕಣ್ಣು ಬೇಡ.
ಗಂಡಸು ಪಂಚೆ ಎತ್ತಿ ಕಟ್ಟಿದನೋ, ದಾಟಿದ ಹಾಗೆಯೇ.
ಸುಧೀಶ ಅದನ್ನು ನಿಯಮವಾಗಿ ಬರೆದುಕೊಂಡ,
ನೂರಕ್ಕೆ ತೊಂಬತ್ತೊಂದು ಸರಿಬಂತು.
ಎತ್ತಿದ ಪಂಚೆ ತಟ್ಟನೆ ಇಳಿಬಿಟ್ಟರೆ?
ಜೀಪಿನಲ್ಲಿ ಮೇಷ್ಟ್ರು ಹೋದರು ಮಾರಾಯ, ಮರ್ಯಾದೆ ಅದು,
ಅಂದೆ. ಮರ್ಯಾದೆಗೆ ಕಾಲಂ ಇರಲಿಲ್ಲ.

ಮತ್ತೆ ಕೈ.
ನಿಲ್ಲು ಅನ್ನುವುದೂ ಅಂಗೈ,
ನೀನು ಹೋಗು ಅನ್ನುವುದೂ ಅಂಗೈ,
ನಡುವೆ ಮಣಿಕಟ್ಟಿನದೊಂದು ಸಣ್ಣ ಕೊಂಕು.

ನಿನ್ನೆ ಒಂದು ತುಣುಕಿನಲ್ಲಿ
ಬೀಡಿಯ ಮೊರ ಸೊಂಟಕ್ಕಿಟ್ಟವಳು ಕೈ ಎತ್ತಿದಳು.
ಅಲ್ಲೇ ನಿಲ್ಲಿಸಿದೆ. ಮುಂದಕ್ಕೆ ಬಿಡಲಾಗಲಿಲ್ಲ.

ತೊಂಬತ್ತಾರನೇ ಇಸವಿ. ಬಂದ್ಯೋಡಿನ ತಿರುವು.
ಐತಪ್ಪನ ಲಾರಿ. ಸತ್ತವಳು ಆಸ್ಯುಮ್ಮ,
ಬೀಡಿ ಕೊಟ್ಟು ಎಲೆ ತರಲು ಹೊರಟಿದ್ದವಳು.
ಸಾಕ್ಷಿ ಹೇಳಿದ್ದು ಎರಡು ಶಬ್ದ: ಕೈ ತೋರಿಸಿದಳು.
ಐತಪ್ಪ ಹೇಳಿದ್ದೂ ಅವೇ ಎರಡು,
ಅಂಗೈ ಬೀಸಿ ತೋರಿಸಿದ,
ಬೀಸಿದ್ದನ್ನು ಬರೆಯುವ ಪದ್ಧತಿ ಕೋರ್ಟಿಗಿಲ್ಲ.
ಯಾವ ಅರ್ಥದಲ್ಲಿ, ಎಂದರು ಮ್ಯಾಜಿಸ್ಟ್ರೇಟರು.
ಗಂಟೆ ಒಂದೂಕಾಲು. ನನಗೆ ಹಸಿವಾಗಿತ್ತು.
ನಿಲ್ಲಿಸಲು, ಎಂದೆ.
ಒಂದು ವರ್ಷ.
ಅಪೀಲಿಗೆ ಹೋಗಲು ಮಾರುವುದಕ್ಕೆ
ಅವನಲ್ಲಿ ಲಾರಿಯೂ ಉಳಿದಿರಲಿಲ್ಲ.

ಚಾಲಕನೇ ಇಲ್ಲದಾಗ ಆರೋಪಿ ಯಾರು?
ಮಿಸ್ರಿಯಾ ಇದರ ಮೇಲೆ ನಾನೂರು ಪುಟ ಬರೆದಿದ್ದಾಳೆ.
ಮಾಡಿದವನು, ಮಾರಿದವನು, ಕೊಂಡವನು, ಕಲಿಸಿದವನು.
ಅನುವಾದಿಸಿದವನು? ಎಂದು ಕೇಳಿದೆ.
ತಮಾಷೆಯೆಂದು ನಕ್ಕಳು. ನನ್ನ ಮುಖ ನೋಡಿ
ಕೀಲಿಗಳ ಮೇಲಿದ್ದ ಬೆರಳು ತೆಗೆದಳು.

ಅಸ್ಪಷ್ಟ ನೂರಕ್ಕೆ ಐದು ಮೀರಬಾರದು ಅಂಕಲ್,
ಯಂತ್ರ ಗೊಂದಲಕ್ಕೆ ಬೀಳುತ್ತದೆ, ಅನ್ನುತ್ತಾನೆ ಸುಧೀಶ.
ಬೀಳಲಿ.
ಈ ವಾರ ನನ್ನದು ಹದಿನೆಂಟು.
ಡೆಲ್ಫಿನ್ ನೋಡಿದಳು, ತಿದ್ದಲಿಲ್ಲ.

ಸಂಜೆ ಮುರಕಲ್ಲಿನ ಮೈದಾನದಲ್ಲಿ ಪರೀಕ್ಷೆ.
ಬಿಳಿ ಕಾರು, ಖಾಲಿ ಸೀಟು, ತಾನಾಗಿ ತಿರುಗುವ ಸ್ಟಿಯರಿಂಗು.
ಯಾರಾದರೂ ಎದುರು ನಿಲ್ಲಬೇಕಿತ್ತು, ನಾನು ನಿಂತೆ.
ಹತ್ತು ಮಾರು ದೂರಕ್ಕೆ ಬಂದಾಗ ಕೈ ಎತ್ತಿದೆ.
ನಿಂತಿತು.
ಎಲ್ಲರೂ ಚಪ್ಪಾಳೆ ತಟ್ಟಿದರು.

ನಾನು, ಹೋಗು, ಅಂದಿದ್ದೆ.

ಅದೂ ನಾನೂ ಸುಮ್ಮನೆ ನಿಂತೆವು.
ಕೆಂಪು ಧೂಳು ಗಾಜಿನ ಮೇಲೆ ಕೂತಿತು.
ಆಗ, ಯಾರೂ ಒತ್ತದೆ,
ವೈಪರು ಒಮ್ಮೆ
ಆ ಕಡೆಯಿಂದ ಈ ಕಡೆಗೆ ಬೀಸಿತು.